ದ್ರಾಕ್ಷಿಗೆ ಬೆಟ್ಟ ಬೇಡ, ತಪ್ಪಲು ಸಾಕು

ಮಧುಗಿರಿ, ಕೊರಟಗೆರೆ ಕಡೆ ಬೆಟ್ಟಕ್ಕೆ ಅಂಟಿಕೊಂಡ ಜಮೀನಿಗೆ ಈಗ ಗಿರಾಕಿ ಬಂದಿದ್ದಾರೆ. ಕಡ್ಲೆಕಾಯಿ ಹಾಕಿದರೆ ಬಿತ್ತನೆ ಬೀಜದ ದುಡ್ಡೂ ಹುಟ್ಟದ ಆ ಗರಸು ಇಳಿಜಾರನ್ನು ಹಿಂದೆ ಯಾರೂ ಕೇಳುತ್ತಿರಲಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಎಂದಾದ ಮೇಲೆ ಬೆಂಗಳೂರಿನವರಿಗೆ ಬೆಟ್ಟ ಕಾಣುವ ಒಂದೆರಡು ಎಕರೆ ಬೇಕಾಗಿದೆ. ಕೊಂಡ ಮೇಲೆ ಅಲ್ಲಿ ಏನು ಬೆಳೆಯುವುದು ಎಂಬ ಪ್ರಶ್ನೆ. ಮೊಬೈಲಿನಲ್ಲಿ ಇಟಲಿ, ಜರ್ಮನಿಯ ಕಡಿದಾದ ಗುಡ್ಡಗಳ ಮೇಲೆ ಸಾಲುಸಾಲಾಗಿ ನಿಂತ ದ್ರಾಕ್ಷಿ ಬಳ್ಳಿಗಳನ್ನು ನೋಡಿದವರಿಗೆ ಉತ್ತರವೂ ಸಿದ್ಧ. ಊರಲ್ಲೇ ಇರುವ ಹುಡುಗರೂ ಅದನ್ನೇ ಕೇಳುತ್ತಾರೆ: ಚಿಕ್ಕಬಳ್ಳಾಪುರದಲ್ಲಿ ಆಗುವುದು ನಮ್ಮಲ್ಲಿ ಯಾಕೆ ಆಗಬಾರದು?

ಆಗುತ್ತದೆ. ಆದರೆ ಬೆಟ್ಟದ ಮೇಲೆ ಹಾಕಲು ಹೋದರೆ ದುಡ್ಡು ಮಣ್ಣುಪಾಲು. ಯಾಕೆ ಎಂದು ತಿಳಿಯಲು ಮೊದಲು ಆ ಯುರೋಪಿನವರು ಬೆಟ್ಟ ಹತ್ತಿದ್ದು ಯಾಕೆ ಎಂದು ನೋಡಬೇಕು.

ಜರ್ಮನಿಯ ಮೋಸೆಲ್ ನದಿಯ ದಂಡೆಯಲ್ಲಿ ಬ್ರೆಮ್ಮರ್ ಕಾಲ್ಮಾಂಟ್ ಎಂಬ ತೋಟವಿದೆ. ಇಳಿಜಾರು ಕೆಲವು ಕಡೆ 65 ಡಿಗ್ರಿ. ನಮ್ಮ ಮಧುಗಿರಿ ಬೆಟ್ಟ ಹತ್ತುವಾಗ ಕಂಬಿ ಹಿಡಿದು ಏದುಸಿರು ಬಿಡುತ್ತೇವಲ್ಲ, ಅಂಥ ಜಾಗದಲ್ಲಿ ನಿಂತು ಅವರು ಹಣ್ಣು ಕೊಯ್ಯುತ್ತಾರೆ. ಹಾಗೆ ಮಾಡುವುದು ಚಂದಕ್ಕಲ್ಲ. ಆ ಊರು ಇರುವುದು 50ನೇ ಅಕ್ಷಾಂಶದಲ್ಲಿ. ಹಣ್ಣು ಮಾಗುವ ಸೆಪ್ಟೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ಅಲ್ಲಿ 40 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಸಪಾಟು ನೆಲದ ಮೇಲೆ ಬಿಸಿಲು ಓರೆಯಾಗಿ ಜಾರಿಹೋಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನ ಮೇಲಾದರೆ ನೇರವಾಗಿ ಬೀಳುತ್ತದೆ. ತಣ್ಣನೆಯ ಗಾಳಿ ಕೆಳಗಿನ ಕಣಿವೆಗೆ ಇಳಿದುಹೋಗುವುದರಿಂದ ಚಿಗುರು ಹಿಮಕ್ಕೆ ಸುಡುವುದೂ ಕಡಿಮೆ. ಬಿಸಿಲಿಗೆ ಬರವಿರುವ ದೇಶದವರು ಬಿಸಿಲು ಹುಡುಕಿಕೊಂಡು ಬೆಟ್ಟ ಹತ್ತಿದರು, ಅಷ್ಟೇ.

ಮಧುಗಿರಿ ಇರುವುದು ಹದಿಮೂರೂವರೆ ಡಿಗ್ರಿಯ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಡಿಸೆಂಬರಿನ ಅತಿ ಚಿಕ್ಕ ಹಗಲಲ್ಲೂ ನಡುಮಧ್ಯಾಹ್ನ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಪಾವಗಡದಲ್ಲಿ 13 ಸಾವಿರ ಎಕರೆ ಸೋಲಾರ್ ಪಾರ್ಕ್ ಮಾಡಿ 2,050 ಮೆಗಾವಾಟ್ ಕರೆಂಟು ತೆಗೆಯುವ ಸೀಮೆಗೆ ಬಿಸಿಲು ಹುಡುಕಿಕೊಂಡು ಗುಡ್ಡ ಹತ್ತುವ ಕರ್ಮ ಯಾಕೆ? ಹಿಮ ಬೀಳುವ ಭಯವೂ ನಮಗಿಲ್ಲ. ಬೆಟ್ಟದ ದ್ರಾಕ್ಷಿಗೆಂದೇ ಇಟಲಿಯ ಆವೋಸ್ತಾದಲ್ಲಿ ಚೆರ್ವಿಮ್ ಎಂಬ ಸಂಸ್ಥೆಯಿದೆ. ಶೇ 30ಕ್ಕಿಂತ ಹೆಚ್ಚು ಇಳಿಜಾರು ಇರಬೇಕು, ಇಲ್ಲವೇ 500 ಮೀಟರಿಗಿಂತ ಎತ್ತರದಲ್ಲಿರಬೇಕು ಎಂಬುದು ಅದು ಹಾಕಿದ ಅಳತೆಗೋಲುಗಳಲ್ಲಿ ಸೇರಿದೆ. ಎತ್ತರದ ಲೆಕ್ಕದಲ್ಲಿ ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಈ ನಮ್ಮ ನಾಲ್ಕೂ ತಾಲ್ಲೂಕು ಕೇಂದ್ರಗಳು ಪಾಸು. ಆದರೆ ಪ್ರಸ್ಥಭೂಮಿ ಲೆಕ್ಕಕ್ಕಿಲ್ಲ ಎಂಬ ಷರತ್ತನ್ನೂ ಅವರೇ ಸೇರಿಸಿದ್ದಾರೆ, ಹಾಗಾಗಿ ನಾವು ಫೇಲು!

ಹಾಗಾದರೆ ಇಳಿಜಾರಿನಿಂದ ನಮಗೆ ಸಿಗುವ ಲಾಭ ಒಂದೇ: ಬೇರಿನಲ್ಲಿ ನೀರು ನಿಲ್ಲುವುದಿಲ್ಲ. ದ್ರಾಕ್ಷಿಗೆ ಇದು ಸಣ್ಣ ಮಾತಲ್ಲ. ಬೆಟ್ಟದಿಂದ ತಲೆಮಾರುಗಟ್ಟಲೆ ಕೊಚ್ಚಿಬಂದ ಮರಳುಮಿಶ್ರಿತ ಕೆಂಪು ಮಣ್ಣು ತಪ್ಪಲಿನಲ್ಲಿ ಕೂತಿರುತ್ತದೆ. ನಾಲ್ಕಡಿ ತೋಡಿದರೂ ಬಂಡೆ ತಗಲುವುದಿಲ್ಲ, ಮಳೆ ನಿಂತ ಮಾರನೆಯ ದಿನ ಓಡಾಡಬಹುದು. ಬೇಕಾದ್ದು ಅದು. ಅಲ್ಲಿಂದ ಮೇಲಕ್ಕೆ ಹೋದಂತೆ ಮಣ್ಣು ತೆಳುವಾಗುತ್ತದೆ, ಆಮೇಲೆ ಹಾಸುಬಂಡೆ. ನೂರು ಅಡಿಗೆ ಹದಿನೈದು ಅಡಿಯವರೆಗೆ ಇಳಿಯುವ ನೆಲವಾದರೆ ಬದು ಹಾಕಿ ಬೇಸಾಯ ಮಾಡಬಹುದು; ಅದನ್ನು ದಾಟಿದರೆ ಮೆಟ್ಟಿಲು ಕಟ್ಟಲೇಬೇಕು; ಮೂವತ್ತಮೂರು ಅಡಿ ದಾಟಿದರೆ ಮರಕ್ಕೆ, ಹುಲ್ಲಿಗೆ ಬಿಡಿ ಎಂದು ಮಣ್ಣು ಸಂರಕ್ಷಣೆಯವರು ಹೇಳುತ್ತ ಬಂದಿದ್ದಾರೆ. ಹುಣಸೆ, ಸೀತಾಫಲ, ನೆಲ್ಲಿ, ಹೊಂಗೆ ಇವೆಲ್ಲ ಅಲ್ಲಿಗೆ ಹೇಳಿಮಾಡಿಸಿದವು. ನಮ್ಮ ಸೀಮೆಯ ಹುಣಸೆಗೆ ಇರುವ ಹೆಸರು ಯಾವ ದ್ರಾಕ್ಷಿಗೂ ಕಡಿಮೆಯಿಲ್ಲ.

ಪಕ್ಕದ ಸೀಮೆಯ ಅನುಭವವೂ ಇದನ್ನೇ ಹೇಳುತ್ತದೆ. ನಂದಿ ಬೆಟ್ಟದ ಹೆಸರು ಹೇಳಿಕೊಂಡು ವೈನ್ ಮಾರುವ ಗ್ರೋವರ್ ಕಂಪನಿಯನ್ನು ಕನ್ವಲ್ ಗ್ರೋವರ್ ಶುರುಮಾಡಿದ್ದು 1988ರಲ್ಲಿ. ಫ್ರಾನ್ಸಿನಿಂದ ತಜ್ಞರನ್ನು ಕರೆಸಿ, ಹಲವು ಜಾಗ ನೋಡಿಸಿ, ವರ್ಷಗಟ್ಟಲೆ ಪ್ರಯೋಗ ಮಾಡಿ ಕೊನೆಗೆ ಅವರು ಬಳ್ಳಿ ನೆಟ್ಟದ್ದು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ಬೆಟ್ಟದ ಬುಡದ ನೆಲದಲ್ಲಿ. ಲೇಬಲ್ಲಿನ ಮೇಲೆ ಬೆಟ್ಟವಿದೆ, ಬೇರು ತಪ್ಪಲಿನಲ್ಲಿದೆ. ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಮಾ ಎಸ್ಟೇಟಿನವರು ಗುಡ್ಡದ ಇಳಿಜಾರಿನಲ್ಲೇ ತೋಟ ಮಾಡಿ ಒಳ್ಳೆಯ ವೈನ್ ತೆಗೆದಿರುವುದು ನಿಜ. ಅದು ಕೈಯಲ್ಲಿ ಬಂಡವಾಳ ಇದ್ದವರು ಮಾಡಿದ ಕೆಲಸ. ಅರ್ಧ ಎಕರೆಯಲ್ಲಿ ಬಳ್ಳಿ ನೆಡುವವರು ಅದನ್ನು ನೋಡಿ ಸಂತೋಷಪಡಬಹುದು, ಅನುಕರಿಸಬಾರದು.

ಜಾಗ ಆರಿಸುವಾಗ ದಿಕ್ಕು ನೋಡಿ. ವಾಸ್ತುವಿನ ಮಾತಲ್ಲ ಇದು. ಬೆಟ್ಟದ ಪಡುವಣ ಮಗ್ಗುಲಿನ ಹೊಲಕ್ಕೆ ಏಪ್ರಿಲ್ ಮಧ್ಯಾಹ್ನದ ಬಿಸಿಲು ನೇರವಾಗಿ ಬಡಿಯುತ್ತದೆ, ಸಂಜೆಯಾದ ಮೇಲೂ ಕಾದ ಬಂಡೆ ಉಸಿರು ಬಿಡುತ್ತಲೇ ಇರುತ್ತದೆ. ಮೂಡಣ ಮಗ್ಗುಲಿಗೆ ಬೆಳಗಿನ ಬಿಸಿಲು ಬೇಗ ತಾಗಿ ಎಲೆಯ ಮೇಲಿನ ಇಬ್ಬನಿ ಎಂಟು ಗಂಟೆಗೆಲ್ಲ ಆರುತ್ತದೆ. ಮೂರರ ನಂತರ ಬೆಟ್ಟದ್ದೇ ನೆರಳು. ದ್ರಾಕ್ಷಿಯ ಹಲವು ರೋಗಗಳು ಒದ್ದೆ ಎಲೆಯನ್ನು ಕಾಯುತ್ತಿರುತ್ತವೆ. ಹಾಗಾಗಿ ಎರಡು ಹೊಲಗಳ ನಡುವೆ ಆಯ್ಕೆ ಇದ್ದರೆ ಮೂಡಣದ್ದನ್ನು ಹಿಡಿಯಿರಿ.

ಜೊತೆಗೆ ಪಹಣಿ. ಬೆಟ್ಟದಂಚಿನ ಸರ್ವೆ ನಂಬರುಗಳಲ್ಲಿ ಖರಾಬು ಇರುವುದು ಸಾಮಾನ್ಯ. ಬಿ ಖರಾಬು ಸಾರ್ವಜನಿಕ ಬಳಕೆಗೆ ಬಿಟ್ಟದ್ದು, ಅದರಲ್ಲಿ ಕಂಬ ನೆಡುವಂತಿಲ್ಲ. ಮೇಲಿನ ಗಡಿ ಅರಣ್ಯ ಇಲಾಖೆಯದೋ, ಗೋಮಾಳವೋ ನೋಡಿಕೊಳ್ಳಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಕ್ರಯ ನಡೆಯದು. ದ್ರಾಕ್ಷಿ ಹತ್ತಿಪ್ಪತ್ತು ವರ್ಷ ಇರುವ ಬೆಳೆ. ತಕರಾರಿನ ನೆಲದಲ್ಲಿ ಅದನ್ನು ನೆಡುವುದು ಮೂರ್ಖತನ.

ಇನ್ನು ನೀರು. ನನ್ನ ಕೇಳಿದರೆ ಈ ಸೀಮೆಯಲ್ಲಿ ದ್ರಾಕ್ಷಿಯ ವಿಷಯ ಎಂದರೆ ಮುಕ್ಕಾಲು ಪಾಲು ನೀರಿನ ವಿಷಯ. ನಾಲ್ಕು ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 700 ಮಿಲಿಮೀಟರ್. ಪಾವಗಡ, ಶಿರಾದಲ್ಲಿ ಕಡಿಮೆ, ಕೊರಟಗೆರೆಯಲ್ಲಿ ಸ್ವಲ್ಪ ಹೆಚ್ಚು. ಸಾವಿರ ಅಡಿ ಕೊರೆಸಿ ಎರಡಿಂಚು ನೀರು ಬಂತು ಎಂದು ಪೂಜೆ ಮಾಡಿಸಿದವರು ಮುಂದಿನ ಬೇಸಿಗೆಗೆ ಟ್ಯಾಂಕರ್ ಹೊಡೆಸಿದ್ದನ್ನು ಎಲ್ಲರೂ ನೋಡಿದ್ದೇವೆ. ಎತ್ತಿನಹೊಳೆ ಬರುತ್ತದೆ, ಭದ್ರಾ ಬರುತ್ತದೆ ಎಂದು ನಂಬಿಕೊಂಡು ಬಳ್ಳಿ ನೆಡಬೇಡಿ. ಬಂದ ದಿನ ಸಂತೋಷಪಡೋಣ.

ಆದರೆ ಬೆಟ್ಟದ ಬುಡದವರಿಗೆ ಇನ್ನೊಬ್ಬರಿಗಿಲ್ಲದ ಆಸ್ತಿಯೊಂದಿದೆ. ಅದು ಮೇಲಿನ ಬೋಳುಬಂಡೆ. ಮಿಡಿಗೇಶಿ, ಚನ್ನರಾಯನದುರ್ಗ, ನಿಡಗಲ್ಲು, ಮಧುಗಿರಿ ಈ ಕೋಟೆಗಳ ಮೇಲೆ ಪಾಳೆಯಗಾರರ ದಂಡು ಬದುಕಿದ್ದು ದೊಣೆಗಳ ನೀರಿನಿಂದ. ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿಯುತ್ತದೆ. ಹರಿಯುವುದನ್ನು ತಡೆದು ನಿಲ್ಲಿಸಿದರೆ ಮುಗಿಯಿತು. ಲೆಕ್ಕ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಒಂದು ಎಕರೆ ಬಂಡೆ ಎಂದರೆ 4,047 ಚದರ ಮೀಟರ್. ವರ್ಷಕ್ಕೆ 500 ಮಿಲಿಮೀಟರ್ ಮಳೆಯಲ್ಲಿ ಶೇ 60ರಷ್ಟು ಹಿಡಿದರೂ 12 ಲಕ್ಷ ಲೀಟರ್. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಕೃಷಿಹೊಂಡವನ್ನು ಬದಿ ಇಳಿಜಾರು ಬಿಟ್ಟು ತೆಗೆದರೆ ಅದರಲ್ಲಿ ಹಿಡಿಯುವುದು ಸುಮಾರು 9.8 ಲಕ್ಷ ಲೀಟರ್. ಅಂದರೆ ಮಳೆ ಕೈಕೊಡದಿದ್ದರೆ ಒಂದು ಎಕರೆ ಬಂಡೆ ಒಂದು ಹೊಂಡವನ್ನು ವರ್ಷಕ್ಕೊಮ್ಮೆ ತುಂಬಿಸಿ ಮೇಲೆ ಸ್ವಲ್ಪ ಬಿಡುತ್ತದೆ.

ಖರ್ಚಿನ ಕಡೆ ನೋಡೋಣ. ಸಾಲಿಂದ ಸಾಲಿಗೆ 3 ಮೀಟರ್, ಬಳ್ಳಿಯಿಂದ ಬಳ್ಳಿಗೆ 2 ಮೀಟರ್ ಎಂದರೆ ಅರ್ಧ ಎಕರೆಗೆ 330 ಚಿಲ್ಲರೆ ಬಳ್ಳಿ. ಬದು, ದಾರಿಗೆ ಹೋದದ್ದು ಕಳೆದು 300 ಎನ್ನಿ. ಬಿರುಬೇಸಿಗೆಯಲ್ಲಿ ಡ್ರಿಪ್‌ನಲ್ಲಿ ಬಳ್ಳಿಗೆ ದಿನಕ್ಕೆ 20 ಲೀಟರ್ ಹಿಡಿದರೆ 6 ಸಾವಿರ ಲೀಟರ್. ತುಂಬಿದ ಹೊಂಡದಿಂದ ಬಿಸಿಲು ತಾನೇ ಕುಡಿಯುವುದು ದಿನಕ್ಕೆ 2 ಸಾವಿರ ಲೀಟರ್ ದಾಟುತ್ತದೆ. ಅದಕ್ಕೇ ಮೇಲೆ ನೆರಳುಬಲೆ, ಕೆಳಗೆ ಪ್ಲಾಸ್ಟಿಕ್ ಹಾಳೆ. ಇಷ್ಟಾದರೆ ಬೇಸಿಗೆಯ ನಾಲ್ಕು ತಿಂಗಳು ಹೇಗೋ ದಾಟಬಹುದು. ಒಂದು ಎಕರೆಗೆ ಈ ಹೊಂಡ ಸಾಲದು. ಅರ್ಧ ಎಕರೆ ಮೀರಬೇಡಿ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ನೀರು ಖಾತ್ರಿಯಾದ ಮೇಲೆ ಸಾಲು ಗುರುತು ಹಾಕಬೇಕು. ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ. ಇದಕ್ಕೆ ದೊಡ್ಡ ಯಂತ್ರ ಬೇಡ. ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪು ಇದೆಯಲ್ಲ, ಅದನ್ನೇ ಎರಡು ಕೋಲಿಗೆ ಕಟ್ಟಿ, ನೀರು ತುಂಬಿ, ಇಬ್ಬರು ಹಿಡಿದುಕೊಂಡು ನಡೆದರೆ ಸಾಕು. ಎರಡೂ ಕೋಲಿನಲ್ಲಿ ನೀರು ಒಂದೇ ಗೆರೆಗೆ ನಿಂತಲ್ಲಿ ಸುಣ್ಣ ಹಾಕುತ್ತ ಹೋಗಿ. ಗೆರೆ ಹಾವಿನಂತೆ ಬಳುಕುತ್ತದೆ. ನೇರ ಮಾಡಲು ಹೋಗಬೇಡಿ. ನೇರ ಮಾಡಿದ ಕಡೆ ಮೊದಲ ಜಡಿಮಳೆಗೇ ಕೊರಕಲು ಬೀಳುತ್ತದೆ. ಎರಡೂವರೆ ಅಡಿ ಅಗಲ, ಅಷ್ಟೇ ಆಳದ ಕಾಲುವೆ ತೆಗೆದು ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ. ಅಗೆಯುವಾಗ ಸಿಕ್ಕ ಕಲ್ಲನ್ನು ಆಚೆ ಎಸೆಯದೆ ಕೆಳಬದಿಗೆ ಗಾರೆಯಿಲ್ಲದ ಕಟ್ಟೆ ಮಾಡಿ. ಸಿಮೆಂಟು ಬಳಿದ ಗೋಡೆ ಹಿಂದೆ ನೀರು ಕಟ್ಟಿಕೊಂಡು ಉಬ್ಬಿ ಬೀಳುತ್ತದೆ. ಒಣಕಲ್ಲಿನ ಕಟ್ಟೆಯ ಸಂದಿಯಿಂದ ನೀರು ಸೋರಿಹೋಗಿ ಮಣ್ಣು ಉಳಿಯುತ್ತದೆ.

ಕಂಬಕ್ಕೆ ನಮ್ಮಲ್ಲಿ ಕಲ್ಲುಕೂಚ ಇದೆ. ಕಬ್ಬಿಣ ಬೇಡ. ಎಂಟಡಿ ಕೂಚ ತಂದು ಎರಡಡಿ ಹೂಳಬೇಕು. ಎಲ್ಲ ಕಂಬಗಳಿಗಿಂತ ಮೂಲೆಯ ಕಂಬದ ಮೇಲೆ ಕಣ್ಣಿರಲಿ. ಅದನ್ನು ನೆಟ್ಟಗೆ ನಿಲ್ಲಿಸಬಾರದು, ಹೊರಗಡೆಗೆ ಒಂದಿಷ್ಟು ವಾಲಿಸಿ, ತಲೆಯಿಂದ ತಂತಿ ಎಳೆದು ನೆಲದಲ್ಲಿ ಹೂತ ಕಲ್ಲಿಗೆ ಬಿಗಿಯಬೇಕು. ಹಣ್ಣು ತುಂಬಿದ ಬಳ್ಳಿಯ ಭಾರವೆಲ್ಲ ತಂತಿಯ ಮೂಲಕ ಬಂದು ನಿಲ್ಲುವುದು ಇದರ ಮೇಲೆ, ಅದೂ ಇಳಿಜಾರಿನಲ್ಲಿ ಕೆಳಮೂಲೆಯದರ ಮೇಲೆ. ಫೆಬ್ರುವರಿಯಲ್ಲಿ ಈ ಒಂದು ಕೂಚ ಕಿತ್ತುಬಂದರೆ ಚಪ್ಪರವೇ ಮಲಗುತ್ತದೆ. ಸಮತಟ್ಟು ನೆಲದಲ್ಲಿ ಪೂರ್ತಿ ಚಪ್ಪರ ಹಾಕುವುದು ಒಳ್ಳೆಯದು, ಗೊನೆಗೆ ನೆರಳು ಸಿಗುತ್ತದೆ, ಇಳುವರಿಯೂ ಹೆಚ್ಚು. ಮೆಟ್ಟಿಲು ಮೆಟ್ಟಿಲಾದ ನೆಲದಲ್ಲಿ ಪ್ರತಿ ಸಾಲಿಗೂ ಬೇರೆಯಾಗಿ ನಿಲ್ಲುವ ವೈ ಆಕಾರದ ಹಂದರವೇ ಸರಿ. ಒಂದು ಬಿದ್ದರೆ ಇನ್ನೊಂದನ್ನು ಎಳೆದುಕೊಂಡು ಬೀಳುವುದಿಲ್ಲ.

ತಳಿಯ ವಿಷಯಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಸಲ ಹಾಕುವವರಿಗೆ ಬೆಂಗಳೂರು ಬ್ಲೂ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಬೀಜವಿರುವ ಈ ಕಪ್ಪು ದ್ರಾಕ್ಷಿ ಒರಟು ಮನುಷ್ಯರ ಒರಟು ಆರೈಕೆಯನ್ನೂ ತಡೆದುಕೊಳ್ಳುತ್ತದೆ, ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ, ಚಿಬ್ಬು ರೋಗಕ್ಕೆ ಬಗ್ಗುವುದಿಲ್ಲ. ಬೂಜುತುಪ್ಪಟಕ್ಕೆ ಮಾತ್ರ ಬಗ್ಗುತ್ತದೆ. ಬಿಸಿಲು ಅತಿಯಾದರೆ ಗೊನೆಗೆ ಬಣ್ಣ ಒಂದೇ ಸಮ ಬರುವುದಿಲ್ಲ, ಪಾವಗಡದವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದನ್ನು ಬ್ಲ್ಯಾಕ್ ಚಂಪಾ ಜೊತೆ ಕೂಡಿಸಿ ಅರ್ಕಾ ಶ್ಯಾಮ್ ಮಾಡಿದೆ, ಅದನ್ನೂ ನಾಲ್ಕು ಸಾಲು ನೋಡಬಹುದು. ದಿಲ್‌ಖುಷ್, ಶರದ್ ಮೊದಲಾದವು ರೇಟು ತರುತ್ತವೆ, ಜೊತೆಗೆ ಔಷಧಿ ಅಂಗಡಿಯ ಸಾಲವನ್ನೂ. ಬೋರಿನ ನೀರು ಉಪ್ಪಾಗಿದ್ದರೆ ಡಾಗ್‌ರಿಜ್ ಬೇರುಗಿಡ ನೆಟ್ಟು ಅದರ ಮೇಲೆ ಕಸಿ ಕಟ್ಟುವುದು ಕ್ಷೇಮ. ವರ್ಷದ ಮೊದಲಲ್ಲಿ ಬೇರುಗಿಡ, ಮಳೆಗಾಲದ ಕೊನೆಯಲ್ಲಿ ಕಸಿ; ಹಣ್ಣಿಗೆ ಸುಮಾರು ಎರಡು ವರ್ಷ ಕಾಯಬೇಕು.

ಹೊಸಬರಿಗೆ ಅರ್ಥವಾಗದೆ ಉಳಿಯುವುದು ಸವರುವ ಕೆಲಸ. ವಿಜಯಪುರದವರು ಚಾಟ್ನಿ ಎನ್ನುತ್ತಾರೆ, ನಮ್ಮ ಕಡೆ ಪ್ರೂನಿಂಗ್. ಚಳಿ ದೇಶದ ಬಳ್ಳಿಗೆ ಚಳಿಗಾಲವೇ ನಿದ್ದೆ. ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ಏಳುತ್ತದೆ. ಇಲ್ಲಿ ಅದನ್ನು ಮಲಗಿಸುವ ಚಳಿಯೇ ಇಲ್ಲ. ಬಿಟ್ಟರೆ ವರ್ಷವಿಡೀ ಹಸಿರಾಗಿ ಹಬ್ಬುತ್ತ, ಹಣ್ಣು ಕೊಡುವುದನ್ನೇ ಮರೆಯುತ್ತದೆ. ಅದಕ್ಕೆ ಕತ್ತರಿಯೇ ಋತು. ಬೀಜವಿಲ್ಲದ ತಳಿಗಳಲ್ಲಿ ಏಪ್ರಿಲ್‌ನಲ್ಲಿ ಎಲ್ಲ ಕಡ್ಡಿಗಳನ್ನೂ ಒಂದೆರಡು ಕಣ್ಣಿಗೆ ಕಡಿಯುತ್ತಾರೆ. ಹೊಸ ಕಡ್ಡಿ ಬಂದು, ಒಂದೂವರೆ ಎರಡು ತಿಂಗಳಲ್ಲಿ ಅದರ ಕಣ್ಣೊಳಗೆ ಮುಂದಿನ ಗೊನೆ ಮೂಡಿಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣದು. ಅಕ್ಟೋಬರಿನಲ್ಲಿ ಆ ಕಡ್ಡಿಯನ್ನು ಐದಾರು ಕಣ್ಣು ಬಿಟ್ಟು ಕತ್ತರಿಸಿದರೆ ಗೊನೆ ಹೊತ್ತ ಚಿಗುರು ಹೊರಡುತ್ತದೆ, ನಾಲ್ಕು ತಿಂಗಳ ಮೇಲೆ ಹಣ್ಣು. ಬೆಂಗಳೂರು ಬ್ಲೂಗೆ ಈ ನಿಯಮ ಅಷ್ಟು ಬಿಗಿಯಿಲ್ಲ, ಎರಡು ಸಲ ಕಡಿದರೆ ಎರಡು ಸಲ ಹಣ್ಣು. ಕಡಿದ ತುದಿಯಿಂದ ಒಂದೆರಡು ದಿನ ನೀರು ತೊಟ್ಟಿಕ್ಕುವುದನ್ನು ನೋಡಿ ಗಿಡ ಸತ್ತಿತು ಎಂದು ಗಾಬರಿಯಾಗಬೇಡಿ. ಬೇರು ಬದುಕಿದೆ ಎಂಬುದರ ಗುರುತು ಅದು.

ಕಷ್ಟ ಇರುವುದು ಅಕ್ಟೋಬರಿನಲ್ಲೇ. ನಮ್ಮ ಸೀಮೆಯ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಎಳೆ ಚಿಗುರು ಹೊರಡುವುದೂ ಆಗಲೇ. ಮೋಡ ಮುಚ್ಚಿ ಸೋನೆ ಹಿಡಿದರೆ ಎಲೆಯ ಕೆಳಗೆ ಬಿಳಿ ಬೂಜು ಕಾಣಿಸುತ್ತದೆ, ಮೂರು ದಿನ ಬಿಟ್ಟರೆ ಗೊನೆಯೂ ಹೋಯಿತು. ಇದಕ್ಕೆ ಹಳೆಯ ಮದ್ದು ಬೋರ್ಡೋ ದ್ರಾವಣ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ಇದನ್ನು ಲೋಕಕ್ಕೆ ತಿಳಿಸಿದ್ದು ದ್ರಾಕ್ಷಿಯ ಇದೇ ರೋಗಕ್ಕೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಕಟ್ಟಿದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಅದನ್ನು ತಂದರು. ಶಿರಾದಲ್ಲಿ ಅಡಕೆ ಹಾಕಿದವರಿಗೂ ಈಗ ಅದು ಗೊತ್ತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು, ಕಬ್ಬಿಣದ ಬಕೆಟ್ ಮುಟ್ಟಬಾರದು. ಸರಿಯಾಗಿದೆಯೇ ಎಂದು ನೋಡಲು ಉಜ್ಜಿ ಹೊಳಪು ಮಾಡಿದ ಕುಡುಗೋಲಿನ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು. ಹಾಗೇ ಹೊಡೆದರೆ ಎಲೆ ಸುಡುತ್ತದೆ.

ರೋಗ ದಾಟಿದ ಮೇಲೆ ಬೆಟ್ಟದ ಒಕ್ಕಲುಗಳು ಬರುತ್ತವೆ. ಮಂಗ, ನವಿಲು, ಬಾವಲಿ, ಕೊನೆಗೆ ಕರಡಿ. ಕೊರಟಗೆರೆ, ಮಧುಗಿರಿಯ ಗುಡ್ಡಗಳಲ್ಲಿ ಕರಡಿ ಇರುವುದು ಹೊಸ ಸುದ್ದಿಯಲ್ಲ, ಅದಕ್ಕೆ ಸಿಹಿ ಎಂದರೆ ಪ್ರಾಣ. ಹಕ್ಕಿಗೆ ಬಲೆ ಹಾಕಬಹುದು. ಕರಡಿಗೆ ಅಡ್ಡಿಯಾಗುವುದು ದೂರ ಒಂದೇ. ಬಂಡೆಯ ಸಂದುಗಳಿಗೆ ತಾಗಿದ ಮೇಲಿನ ತೋಟಕ್ಕಿಂತ ಊರ ಕಡೆಗಿರುವ ಕೆಳಗಿನ ತೋಟ ಉಳಿಯುತ್ತದೆ ಎನ್ನಲು ಇದೂ ಒಂದು ಕಾರಣ.

ಮಾರಾಟದ ಮಾತು. 2020ರ ಬೇಸಿಗೆಯಲ್ಲಿ ಲಾಕ್‌ಡೌನ್ ಆದಾಗ ಚಿಕ್ಕಬಳ್ಳಾಪುರದ ಕಡೆ ಮಾಗಿದ ದ್ರಾಕ್ಷಿಯನ್ನು ಕೇಳುವವರಿಲ್ಲದೆ ರೈತರು ತಿಪ್ಪೆಗೆ ಸುರಿದರು. ಕಿತ್ತ ಮೇಲೆ ಕಾಯದ ಹಣ್ಣು ಇದು. ಅರ್ಧ ಎಕರೆಯವನಿಗೆ ಇಲ್ಲೊಂದು ಅನುಕೂಲವಿದೆ: ಅವನು ದಲ್ಲಾಳಿಯನ್ನು ಕಾಯಬೇಕಿಲ್ಲ. ಮಧುಗಿರಿ ಬೆಟ್ಟ ಹತ್ತಲು, ಸಿದ್ಧರಬೆಟ್ಟಕ್ಕೆ, ದೇವರಾಯನದುರ್ಗಕ್ಕೆ ಶನಿವಾರ ಭಾನುವಾರ ಬರುವ ಕಾರುಗಳೇ ಅವನ ಮಾರುಕಟ್ಟೆ. ರಸ್ತೆ ಬದಿಯಲ್ಲಿ ಎರಡು ಕ್ರೇಟ್ ಇಟ್ಟು ಕೂತರೆ ಮಂಡಿಯ ರೇಟಿಗಿಂತ ಹೆಚ್ಚು ಸಿಗುತ್ತದೆ. ವೈನ್ ಮಾಡುವ ಆಸೆ ಇದ್ದವರಿಗೆ ಒಂದು ಎಚ್ಚರಿಕೆ: 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿ ತಂದದ್ದು ನಿಜ, ಆದರೆ ಅಬಕಾರಿ ಪರವಾನಗಿ ಇಲ್ಲದೆ ಮನೆಯಲ್ಲಿ ಹುಳಿಯಿಸಿ ಮಾರುವಂತಿಲ್ಲ. ಆ ಆಸೆಯನ್ನು ಐದು ವರ್ಷ ಮುಂದಕ್ಕೆ ಹಾಕಿ.

ಈ ಲೇಖನ ಓದಿ ಕೈ ತುರಿಸುತ್ತಿದ್ದರೆ, ಸಸಿ ಬುಕ್ ಮಾಡುವ ಮೊದಲು, ಕೂಚಕ್ಕೆ ಮುಂಗಡ ಕೊಡುವ ಮೊದಲು, ಒಂದು ಬಾಟಲಿ ಬೋರಿನ ನೀರು ಮತ್ತು ಹೊಲದ ಮೇಲಿನ, ಕೆಳಗಿನ ಎರಡೂ ಕಡೆಯ ಮಣ್ಣು ಕಟ್ಟಿಕೊಂಡು ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿಬನ್ನಿ. ತುಮಕೂರಿನಿಂದ ಹೆದ್ದಾರಿಯಲ್ಲಿ ಬೆಂಗಳೂರು ಕಡೆಗೆ ಸ್ವಲ್ಪ ದೂರ. ಮೊದಲ ವರ್ಷ ಹೊಂಡ ತೋಡಿಸಿ, ಒಂದು ಮಳೆಗಾಲ ಅದು ಎಷ್ಟು ತುಂಬುತ್ತದೆ ನೋಡಿ. ಅರ್ಧ ತುಂಬಿದರೆ ಕಾಲು ಎಕರೆ ನೆಡಿ. ತುಂಬದಿದ್ದರೆ ದ್ರಾಕ್ಷಿ ಬಿಟ್ಟು ಹುಣಸೆ ಹಾಕಿ.